ಕರಿಮರಳು ಕಳೆದ ಮೇಲೆ ಹೊನ್ನು

ಹಳ್ಳದ ಮರಳು ತೊಳೆದು ಚಿನ್ನದ ಕಣ ಹೆಕ್ಕುವವನನ್ನು ಕನ್ನಡದಲ್ಲಿ ಜಲಗಾರ ಎಂದು ಕರೆಯುತ್ತಿದ್ದರು. ಉತ್ತರ ಕರ್ನಾಟಕದ ಕಪ್ಪತಗುಡ್ಡದ ಸುತ್ತ ಹತ್ತೊಂಬತ್ತನೆಯ ಶತಮಾನದವರೆಗೂ ಇದನ್ನೇ ನಂಬಿ ಬದುಕಿದ ಕುಟುಂಬಗಳಿದ್ದವು. ಮಳೆ ಬಿದ್ದು ಹಳ್ಳ ಹರಿದು ಇಳಿದ ಮೇಲೆ ಅವರ ಕೆಲಸ ಶುರುವಾಗುತ್ತಿತ್ತು. ನೀರಿನ ಸೆಳೆತ ಕಡಿಮೆಯಾಗುವ ತಿರುವು, ಬಂಡೆಯ ಹಿಂಬದಿ, ಮರದ ಬೇರಿನ ಸಂದು, ಇಂಥ ಕಡೆ ನಿಂತ ಮರಳನ್ನು ಬಗೆದು ಮರದ ಮರಿಗೆಗೆ ತುಂಬಿ, ನೀರಿನಲ್ಲಿ ಆಡಿಸಿ ತೊಳೆಯುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕಿ ಜಾಲಿಸುವ ಕೈಚಳಕವೇ ಇದು. ಅಲ್ಲಿ ಅಕ್ಕಿ ಉಳಿಸಿಕೊಂಡು ತಳದ ಕಲ್ಲನ್ನು ಚೆಲ್ಲುತ್ತಾರೆ, ಜಲಗಾರನಿಗೆ ಬೇಕಾದದ್ದು ತಳದಲ್ಲಿ ಉಳಿದದ್ದು.

ತಳದಲ್ಲಿ ಉಳಿಯುವುದು ಚಿನ್ನವೊಂದೇ ಅಲ್ಲ. ಬಿಳಿ ಮರಳು ಕೊಚ್ಚಿಹೋಗುತ್ತದೆ, ಕಾಗೆಬಂಗಾರದ ಹೊಳಪು ತೇಲಿಹೋಗುತ್ತದೆ, ಕೊನೆಗೆ ಮರಿಗೆಯಲ್ಲಿ ಒಂದು ಚಿಟಿಕೆ ಕರಿಮರಳು ನಿಲ್ಲುತ್ತದೆ. ಅದು ಕಬ್ಬಿಣದ ಅದಿರಿನ ಪುಡಿ. ಚಿನ್ನ ಇದ್ದರೆ ಅದರೊಳಗೇ ಇರುತ್ತದೆ. ಕರಿಮರಳು ಕಾಣದ ಹಳ್ಳದಲ್ಲಿ ತೊಳೆದು ಫಲವಿಲ್ಲ, ಕಂಡ ಮೇಲೆ ಅದನ್ನು ಕಳೆಯದೆ ಚಿನ್ನ ಕೈಗೆ ಬರುವುದಿಲ್ಲ. ಬೆಲೆಯುಳ್ಳ ಲೋಹವನ್ನು ಹುಡುಕುವ ಕಸುಬಿನ ಚರಿತ್ರೆ ಬಹುಮಟ್ಟಿಗೆ ಕಬ್ಬಿಣವನ್ನು ಬೇರ್ಪಡಿಸುವ ಉಪಾಯಗಳ ಚರಿತ್ರೆ. ಮರಿಗೆಯಿಂದ ಸೂಜಿಗಲ್ಲಿಗೆ, ಅಲ್ಲಿಂದ ಲೋಹಶೋಧಕ ಯಂತ್ರದ ಗುಂಡಿಗಳಿಗೆ ಅದು ಬಂದು ನಿಂತಿದೆ.

ಒಂದೇ ಗುಡ್ಡದ ಎರಡು ಲೋಹ

ಚಿನ್ನಕ್ಕೂ ಕಬ್ಬಿಣಕ್ಕೂ ಕರ್ನಾಟಕದಲ್ಲಿ ಇರುವ ನೆರೆಹೊರೆ ಆಕಸ್ಮಿಕವಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 'ಧಾರವಾಡ' ಎಂದು ಹೆಸರಿಟ್ಟ ಅತಿ ಪ್ರಾಚೀನ ಶಿಲಾಪಟ್ಟಿಗಳಲ್ಲಿ ಎರಡೂ ಇವೆ. ಕಪ್ಪತಗುಡ್ಡದಲ್ಲಿ ಕಬ್ಬಿಣದ ಅಂಶ ತುಂಬಿದ ಪಟ್ಟೆಗಲ್ಲು ಸಾಲಾಗಿ ನಿಂತಿದೆ, ಅದರ ನೆರೆಯ ಶಿಲೆಗಳಲ್ಲಿ ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆಗಳು ಹಾದುಹೋಗಿವೆ. ಗುಡ್ಡ ಸವೆದಾಗ ಎರಡೂ ಒಟ್ಟಿಗೆ ಹಳ್ಳಕ್ಕೆ ಇಳಿಯುತ್ತವೆ.

ಮರಿಗೆಯಲ್ಲಿ ನಡೆಯುವುದನ್ನು ತೂಕದ ಲೆಕ್ಕದಿಂದ ತಿಳಿಯಬಹುದು. ಬೆಣಚುಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.6 ಪಟ್ಟು ಭಾರ. ಕರಿಮರಳಿನ ಮುಖ್ಯ ಖನಿಜವಾದ ಮ್ಯಾಗ್ನೆಟೈಟ್ ಸುಮಾರು 5 ಪಟ್ಟು, ಚಿನ್ನ 19 ಪಟ್ಟು. ಹೀಗಾಗಿ ಬೆಣಚುಮರಳು ಬೇಗ ಹೊರಟುಹೋಗುತ್ತದೆ, ಕಬ್ಬಿಣದ ಮರಳು ಹಟ ಮಾಡಿ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಚಿನ್ನ ಅದಕ್ಕಿಂತಲೂ ಕೆಳಗೆ ಇರಬೇಕು. ಆದರೆ ಹಳ್ಳದ ಚಿನ್ನ ಗುಂಡಗಿರುವುದಿಲ್ಲ, ಉರುಳಿ ಬಡಿಸಿಕೊಂಡು ಹೊಟ್ಟಿನಂತೆ ಚಪ್ಪಟೆಯಾಗಿರುತ್ತದೆ. ತೆಳು ರೇಕು ನೀರಿನಲ್ಲಿ ತನ್ನ ತೂಕಕ್ಕೆ ತಕ್ಕ ಹಾಗೆ ಮುಳುಗದು. ಕರಿಮರಳನ್ನು ಪೂರ್ತಿ ಓಡಿಸುವ ಆತುರದಲ್ಲಿ ಮರಿಗೆಯನ್ನು ಒಂದು ಸಲ ಜೋರಾಗಿ ಆಡಿಸಿದರೆ ಚಿನ್ನವೂ ಅದರ ಜೊತೆಗೇ ಹೋಗುತ್ತದೆ. ಪಳಗಿದ ಕೈಗೂ ಹೊಸ ಕೈಗೂ ಇರುವ ವ್ಯತ್ಯಾಸ ಗೊತ್ತಾಗುತ್ತಿದ್ದುದು ಈ ಕೊನೆಯ ಚಿಟಿಕೆಯಲ್ಲಿ.

ಆ ಚಿಟಿಕೆಯನ್ನು ಬಿಡಿಸಲು ಹಲವು ದಾರಿಗಳಿದ್ದವು. ಒಣಗಿಸಿ ಮೆಲ್ಲನೆ ಊದುವುದು ಒಂದು. ಪಾದರಸ ಬೆರೆಸುವುದು ಇನ್ನೊಂದು. ಪಾದರಸ ಚಿನ್ನವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಕಬ್ಬಿಣಕ್ಕೆ ಅಂಟುವುದಿಲ್ಲ. ಪಾದರಸವನ್ನು ಕಬ್ಬಿಣದ ಸೀಸೆಗಳಲ್ಲೇ ತುಂಬಿ ಸಾಗಿಸುತ್ತಿದ್ದುದಕ್ಕೂ ಇದೇ ಕಾರಣ. ಅಂಟಿದ ಉಂಡೆಯನ್ನು ಕಾಯಿಸಿದರೆ ಪಾದರಸ ಹಬೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆ ಹಬೆ ವಿಷ, ಅದನ್ನು ಉಸಿರಾಡಿದವರ ನರಗಳೂ ಮೂತ್ರಪಿಂಡಗಳೂ ಕೆಡುತ್ತವೆ. ಮೂರನೆಯದು ಸೂಜಿಗಲ್ಲು, ಅಂದರೆ ಅಯಸ್ಕಾಂತ. ಇದು ಕಬ್ಬಿಣದ ಮರಳನ್ನೇ ಎಳೆದು ಚಿನ್ನವನ್ನು ಇದ್ದಲ್ಲೇ ಬಿಡುತ್ತದೆ.

ಫೂಟ್ 1874ರಲ್ಲಿ ಇದೇ ಸೀಮೆಯ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದ. ಆ ಹೊತ್ತಿಗೆ ಇಲ್ಲಿನ ಜಲಗಾರಿಕೆ ಕ್ಷೀಣಿಸಿದ ಕಸುಬಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗದಗ ಸೀಮೆಯಲ್ಲಿ ಕಂಪನಿಗಳು ಗಣಿ ತೋಡಿ ಕೆಲವು ವರ್ಷ ನಡೆಸಿ ನಿಲ್ಲಿಸಿದವು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಕೋಲಾರದ ಮಣ್ಣು

ದಕ್ಷಿಣದಲ್ಲಿ ಇದೇ ಕಸುಬು ಒಂದು ದೊಡ್ಡ ಗಣಿಗೆ ದಾರಿ ತೋರಿಸಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸ ನಡೆಯಿತು. ಅದರಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕೋಲಾರದ ಪೂರ್ವಭಾಗದಲ್ಲಿ ಚಿನ್ನದ ಸುದ್ದಿ ಕೇಳಿ ಹಳ್ಳಿಯವರಿಗೆ ಬಹುಮಾನ ಕೊಡುವುದಾಗಿ ಹೇಳಿದ. ಊರಿಗಾಂ ಸುತ್ತಿನ ಜನ ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪದಲ್ಲಿ ಜನ ಗುಂಡಿಗಳಿಗೆ ಇಳಿದು ಕಲ್ಲು ಒಡೆದು ತಂದು, ಕುಟ್ಟಿ ತೊಳೆಯುತ್ತಿದ್ದುದನ್ನೂ ಅವನು ಕಂಡ. ಅವನ ಲೆಕ್ಕದಲ್ಲಿ ಸುಮಾರು 56 ಕಿಲೋ ಮಣ್ಣಿಗೆ ದೊರೆಯುತ್ತಿದ್ದುದು ಒಂದು ಗ್ರೇನ್ ಚಿನ್ನ, ಅಂದರೆ ಒಂದು ಗ್ರಾಂನ ಸುಮಾರು ಹದಿನೈದರಲ್ಲಿ ಒಂದು ಪಾಲು. ಇಷ್ಟು ಅಲ್ಪವನ್ನು ಮರಳಿನಿಂದ ಬಿಡಿಸಿ ತೋರಿಸುತ್ತಿದ್ದ ಕೈಗಳ ನಿಖರತೆ ಈ ಅಂಕಿಯಲ್ಲೇ ಇದೆ.

ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ನಿವೃತ್ತ ಐರಿಷ್ ಸೈನಿಕ ಮೈಕೆಲ್ ಲಾವೆಲ್ ವಾರನ್ನನ ಬರಹ ಓದಿ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. 1875ರಲ್ಲಿ ಅವನಿಗೆ ಗಣಿಗಾರಿಕೆಯ ಹಕ್ಕು ಸಿಕ್ಕಿತು. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಮರಿಗೆಯ ಕಾಲ ಮುಗಿದು ಯಂತ್ರಗಳ ಕಾಲ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ತಲುಪಿತು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಈಗಲೂ ನಡೆಯುತ್ತಿದೆ. ಅಲ್ಲಿ ಪ್ರಾಚೀನರು ಬೆಂಕಿಯಿಂದ ಬಂಡೆ ಕಾಯಿಸಿ ಒಡೆಯುತ್ತ 600 ಅಡಿಗೂ ಆಳಕ್ಕೆ ಇಳಿದಿದ್ದರು.

ಒಬ್ಬರ ಕಸ, ಇನ್ನೊಬ್ಬರ ಅದಿರು

ಜಲಗಾರ ಚೆಲ್ಲುತ್ತಿದ್ದಂಥ ಕರಿಮರಳಿಗೂ ಗಿರಾಕಿಗಳಿದ್ದರು. ಫ್ರಾನ್ಸಿಸ್ ಬುಕನನ್ 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಮಾಗಡಿಯ ಬಳಿಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುವವರನ್ನು ಕಂಡು ವಿವರವಾಗಿ ಬರೆದ. ಮಳೆಗಾಲದಲ್ಲಿ ತೊರೆಗಳು ಬೆಟ್ಟದಿಂದ ತಂದು ಹಾಕುವ ಕರಿಮರಳೇ ಅವರ ಅದಿರು. ಅದನ್ನೂ ನೀರಿನಲ್ಲಿ ತೊಳೆದೇ ಹಗುರ ಮರಳಿನಿಂದ ಬಿಡಿಸಬೇಕು, ಆಮೇಲೆ ಇದ್ದಲಿನ ಜೊತೆ ಕುಲುಮೆಗೆ ಹಾಕಿ ತಿದಿ ಒತ್ತಬೇಕು. ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಸಂಸ್ಥಾನದ ಕಬ್ಬಿಣಕ್ಕೆ ಎರಡು ಮೂಲ ಹೇಳುತ್ತಾನೆ. ಒಂದು ಅದಿರುಗಲ್ಲು, ಇನ್ನೊಂದು ಈ ಕರಿಮರಳು.

ಮಾಗಡಿಯಿಂದ ಉತ್ತರಕ್ಕೆ, ತುಮಕೂರು ಸೀಮೆಯ ಚನ್ನರಾಯನದುರ್ಗದಲ್ಲಿ ಬುಕನನ್ ಉಕ್ಕು ಮಾಡುವುದನ್ನೂ ನೋಡಿದ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಂದಿಗೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿದರೆ ಉಕ್ಕಾಗುತ್ತಿತ್ತು. ಯೂರೋಪಿನಲ್ಲಿ 'ವೂಟ್ಸ್' ಎಂದು ಹೆಸರಾದ ಲೋಹ ಇದೇ. ಆ ಪದಕ್ಕೆ ಕನ್ನಡದ 'ಉಕ್ಕು' ಮೂಲ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದೇ ಬಗೆಯ ಹಳ್ಳ, ಅದೇ ಕೈಚಳಕ. ಒಬ್ಬ ಚೆಲ್ಲುವಂಥ ಕರಿಮರಳನ್ನೇ ಇನ್ನೊಬ್ಬ ತುಂಬಿಕೊಂಡು ಹೋಗುತ್ತಿದ್ದ.

ಪೇಟೆಗೆ ಬಂದ ಜಲಗಾರ

ಹಳ್ಳದ ಕಸುಬು ಸೊರಗಿದರೂ ಪೇಟೆಯಲ್ಲಿ ಅದಕ್ಕೊಂದು ಕವಲು ಉಳಿಯಿತು. ಅಕ್ಕಸಾಲಿಗರ ಕೇರಿಯ ಕಸದಲ್ಲಿ ಚಿನ್ನವಿರುತ್ತದೆ. ಅರ ಉಜ್ಜಿದಾಗ ಹಾರಿದ ಪುಡಿ, ಬಟ್ಟೆಗೆ ಅಂಟಿ ಬೀದಿಗೆ ಬಂದ ಕಣ, ಕೈ ತೊಳೆದ ನೀರಿನೊಂದಿಗೆ ಚರಂಡಿಗೆ ಇಳಿದ ಚೂರು. ಬೆಂಗಳೂರಿನ ನಗರ್ತಪೇಟೆ, ಚಿಕ್ಕಪೇಟೆಗಳಲ್ಲಿ ಬೆಳಗಿನ ಜಾವ ಅಂಗಡಿಗಳ ಮುಂದಿನ ದೂಳು ಗುಡಿಸಿ, ತೊಳೆದು, ಚಿನ್ನ ಬೆಳ್ಳಿ ತೆಗೆಯುವ ಜನ ಇದ್ದಾರೆ. ಗುಡಿಸುವುದೂ ತೊಳೆಯುವುದೂ ಒಂದೇ ಕೈಯ ಕೆಲಸವಾದ್ದರಿಂದ ಜಲಗಾರ ಎಂಬ ಮಾತಿಗೆ ಬೀದಿ ಗುಡಿಸುವವನು ಎಂಬ ಅರ್ಥವೂ ಸೇರಿರಬೇಕು. ಕುವೆಂಪು 1928ರಲ್ಲಿ 'ಜಲಗಾರ' ನಾಟಕ ಬರೆದಾಗ ಆ ಪದ ಹೊತ್ತದ್ದು ಈ ಎರಡನೆಯ ಅರ್ಥವನ್ನೇ. ಇಂದಿನ ಓದುಗರಿಗೆ ಮೊದಲನೆಯ ಅರ್ಥ ಬಹುತೇಕ ಮರೆತೇಹೋಗಿದೆ.

ಅಕ್ಕಸಾಲಿಗನ ಮಣೆಯ ಮೇಲೆ ಕಬ್ಬಿಣ ಬರುವುದು ಅವನ ಸಲಕರಣೆಯಿಂದಲೇ. ಅರ ಸವೆಯುತ್ತದೆ, ಗರಗಸದ ಎಳೆ ಮುರಿಯುತ್ತದೆ. ಆ ಉಕ್ಕಿನ ಚೂರು ಚಿನ್ನದ ಪುಡಿಯೊಂದಿಗೆ ಮೂಸೆಗೆ ಹೋದರೆ ಕರಗಿದ ಗಟ್ಟಿ ಹದ ಕೆಟ್ಟು ತಗಡು ಎಳೆಯುವಾಗ ಬಿರಿಯುತ್ತದೆ. ಆದ್ದರಿಂದ ಕರಗಿಸುವ ಮೊದಲು ಪುಡಿಯನ್ನು ಕಾಗದದ ಮೇಲೆ ತೆಳುವಾಗಿ ಹರಡಿ ಅದರ ಮೇಲೆ ಅಯಸ್ಕಾಂತ ಆಡಿಸುತ್ತಾರೆ. ಅಯಸ್ಕಾಂತಕ್ಕೂ ಒಂದು ಕಾಗದ ಸುತ್ತಿರುತ್ತದೆ. ಉಕ್ಕಿನ ಪುಡಿ ಮುಳ್ಳುಮುಳ್ಳಾಗಿ ಎದ್ದು ಕಾಗದಕ್ಕೆ ಅಂಟುತ್ತದೆ. ಪಕ್ಕಕ್ಕೆ ಒಯ್ದು ಕಾಗದ ಬಿಡಿಸಿದರೆ ಅಷ್ಟೂ ಉದುರುತ್ತದೆ. ಉದುರಿದ್ದನ್ನು ಕೂಡಲೇ ಎಸೆಯುವುದಿಲ್ಲ. ಆ ಮುಳ್ಳುಗಳ ನಡುವೆ ಚಿನ್ನದ ಕಣ ಸಿಕ್ಕಿಕೊಂಡಿರುತ್ತದೆ. ಅದನ್ನು ಮತ್ತೆ ಹರಡಿ, ಈ ಸಲ ಅಯಸ್ಕಾಂತವನ್ನು ಇನ್ನಷ್ಟು ಎತ್ತರದಲ್ಲಿ ಹಿಡಿದು ಆಡಿಸುತ್ತಾರೆ. ಹಳ್ಳದ ಜಲಗಾರನ ಎಚ್ಚರವೇ ಇಲ್ಲಿಯದೂ. ಕಬ್ಬಿಣವನ್ನು ಒಮ್ಮೆಲೇ ತೆಗೆದುಹಾಕಲು ಹೋದರೆ ಚಿನ್ನ ಕಳೆದುಕೊಳ್ಳಬೇಕಾಗುತ್ತದೆ.

ಯಂತ್ರದ ಕಿವಿ

ಅಡಗಿರುವ ಲೋಹವನ್ನು ವಿದ್ಯುತ್ತಿನಿಂದ ಹುಡುಕುವ ಹೆಸರಾಂತ ಮೊದಲ ಯತ್ನ 1881ರದು. ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ನ ದೇಹದಲ್ಲಿ ಗುಂಡು ಎಲ್ಲಿದೆಯೆಂದು ತಿಳಿಯಲು ಟೆಲಿಫೋನಿನ ಗ್ರಹಾಂ ಬೆಲ್ ಒಂದು ಉಪಕರಣ ತಂದ. ಅದು ಗುಂಡಿನ ಸ್ಥಳವನ್ನು ಸರಿಯಾಗಿ ತೋರಿಸಲಿಲ್ಲ. ಹಾಸಿಗೆಯೊಳಗಿದ್ದ ಉಕ್ಕಿನ ತಂತಿಗಳು ಅದರ ಸದ್ದನ್ನು ಕೆಡಿಸಿದ್ದವು. ಬೇಡದ ಕಬ್ಬಿಣದ ತೊಂದರೆ ಯಂತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿತು. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಅಮೆರಿಕದಲ್ಲಿ ಕೈಯಲ್ಲಿ ಹಿಡಿದು ಓಡಾಡಬಲ್ಲ ಶೋಧಕಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬು ಹುಡುಕಲು ಇಂಥ ಯಂತ್ರಗಳು ಸೈನ್ಯಗಳ ಜೊತೆ ಹೋದವು. ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈ ಸೇರಿ ಪಶ್ಚಿಮ ದೇಶಗಳ ಕಡಲತೀರಗಳಲ್ಲಿ ಉಂಗುರ, ನಾಣ್ಯ ಹುಡುಕುವ ರೂಢಿ ಬೆಳೆಯಿತು.

ಯಂತ್ರದ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ನೆಲಕ್ಕೆ ಬಿಡುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳೆದ್ದು ಅವುಗಳದೇ ಕಾಂತಕ್ಷೇತ್ರ ಹುಟ್ಟುತ್ತದೆ, ಅದನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಹೋದ ಅಲೆಗೂ ಬಂದ ಅಲೆಗೂ ಇರುವ ಸಮಯದ ಸಣ್ಣ ಅಂತರ ಲೋಹದಿಂದ ಲೋಹಕ್ಕೆ ಬೇರೆ. ವಿದ್ಯುತ್ತು ಸಲೀಸಾಗಿ ಹರಿಯುವ ಬೆಳ್ಳಿ, ತಾಮ್ರಗಳದು ಒಂದು ಬಗೆ. ಕಬ್ಬಿಣ ತಾನೇ ಅಯಸ್ಕಾಂತಕ್ಕೆ ಒಲಿಯುವ ಲೋಹವಾದ್ದರಿಂದ ಅದರದು ಮತ್ತೊಂದು ಬಗೆ. 1970ರ ದಶಕದಿಂದ ಯಂತ್ರಗಳು ಈ ಅಂತರ ನೋಡಿ ಕಬ್ಬಿಣದ ಸದ್ದನ್ನು ಅಡಗಿಸತೊಡಗಿದವು. ಅದಕ್ಕೊಂದು ತಿರುಗಣೆಯೂ ಬಂತು. ಅದನ್ನು ಎಷ್ಟು ತಿರುಗಿಸಬೇಕು ಎಂಬುದೇ ಈ ವಿದ್ಯೆಯ ಸಾರ.

ತಿರುಗಣೆಯನ್ನು ಸೊನ್ನೆಯಲ್ಲಿಟ್ಟರೆ ಪ್ರತಿ ಮೊಳೆಗೂ ಯಂತ್ರ ಕೂಗುತ್ತದೆ. ಸ್ವಲ್ಪ ಏರಿಸಿದರೆ ಮೊಳೆ, ತಂತಿ ಸುಮ್ಮನಾಗುತ್ತವೆ. ಇನ್ನೂ ಏರಿಸಿದರೆ ಸಿಗರೇಟು ಪೊಟ್ಟಣದ ಅಲ್ಯೂಮಿನಿಯಂ ಹಾಳೆಯೂ ಸುಮ್ಮನಾಗುತ್ತದೆ. ಅಪಾಯ ಅಲ್ಲಿಯೇ. ತೆಳುವಾದ ಚಿನ್ನದ ಉಂಗುರ, ಕಿವಿಯೋಲೆಗಳ ಸದ್ದು ಆ ಹಾಳೆಯ ಸದ್ದಿಗೆ ತೀರ ಹತ್ತಿರ. ಕಸ ಬೇಡವೆಂದು ತಿರುಗಣೆ ಏರಿಸಿದವನ ಕಾಲಡಿಯಲ್ಲೇ ಉಂಗುರ ಉಳಿದುಹೋಗುತ್ತದೆ. ಚಿನ್ನದ ಪಕ್ಕದಲ್ಲೇ ಮೊಳೆ ಇದ್ದರೆ ಮೊಳೆಯನ್ನು ಅಡಗಿಸುವಾಗ ಚಿನ್ನವೂ ಮರೆಯಾಗುತ್ತದೆ. ಆದ್ದರಿಂದ ಅನುಭವಿಗಳು ಕಬ್ಬಿಣವನ್ನು ಪೂರ್ತಿ ಅಡಗಿಸುವುದಿಲ್ಲ. ಅದಕ್ಕೆ ತಗ್ಗಿದ ಗೊಗ್ಗರು ಸದ್ದು ಬರುವಂತೆ ಹೊಂದಿಸಿಟ್ಟುಕೊಂಡು ಆ ಸದ್ದಿನ ನಡುವೆ ಬೇರೆ ಸ್ವರವೇನಾದರೂ ಇದೆಯೇ ಎಂದು ಕೇಳುತ್ತಾರೆ.

ಕಡಲತೀರದಲ್ಲಿ ಇನ್ನೂ ಎರಡು ತೊಡಕುಗಳಿವೆ. ಉಪ್ಪುನೀರು ಕುಡಿದ ಮರಳಿನಲ್ಲಿ ವಿದ್ಯುತ್ತು ಹರಿಯುತ್ತದೆ, ಯಂತ್ರ ಅದನ್ನೂ ಲೋಹವೆಂದು ಭ್ರಮಿಸುತ್ತದೆ. ಕರಿಮರಳಿದ್ದರೆ ನೆಲವೇ ಕಬ್ಬಿಣದಂತೆ ಉತ್ತರಿಸುತ್ತದೆ. ಕಾರವಾರದ ಮಾಜಾಳಿಯ ಆಚೆ ಎಳ್ಳಿನಂಥ ಕರಿಯ ಕಣಗಳ ತಿಳ್ಮಾತಿ ಎಂಬ ಕಡಲತೀರವಿದೆ. ಹೆಸರಿನ ಅರ್ಥವೇ ಎಳ್ಳುಮಣ್ಣು. ಕರಿಮರಳಿನ ತೀರದಲ್ಲಿ ಹುಡುಕುವವನು ಮೊದಲು ತಟ್ಟೆಯನ್ನು ನೆಲದ ಮೇಲೆ ಎತ್ತಿ ಇಳಿಸಿ, ನೆಲದ ಸದ್ದು ಅಡಗುವವರೆಗೆ ಹೊಂದಿಸಿಕೊಳ್ಳಬೇಕು. ಸೂಕ್ಷ್ಮತೆಯನ್ನು ತುಸು ತಗ್ಗಿಸಬೇಕು. ಒದ್ದೆ ಮರಳಿಗೆ ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ ಯಂತ್ರ ಒಳ್ಳೆಯದು. ಭಾರತದ ತೀರದಲ್ಲಿ ಮತ್ತೊಂದು ಸೂಕ್ಷ್ಮವಿದೆ. 1990ರ ದಶಕದಿಂದ ಟಂಕಿಸಿದ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು. ಕಬ್ಬಿಣ ಬೇಡವೆಂದ ಯಂತ್ರ ಅದನ್ನೂ ಬೇಡವೆನ್ನಬಹುದು.

ಸಿಕ್ಕಿದ್ದೆಲ್ಲ ಸಿಕ್ಕವರದ್ದಲ್ಲ ಎಂಬುದನ್ನೂ ತಿಳಿದಿರಬೇಕು. ಮಣ್ಣಿನಲ್ಲಿ ಹುದುಗಿದ ಹತ್ತು ರೂಪಾಯಿ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಭಾರತೀಯ ನಿಧಿ ಕಾಯ್ದೆ ವಿಧಿಸಿತು. ಹಳೆಯ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯ ಕಟ್ಟುಪಾಡಿದೆ.

ಗೊರಗುಂಟೆಪಾಳ್ಯದ ತಿರುವು

ಕಬ್ಬಿಣವನ್ನು ಬೇರ್ಪಡಿಸುವ ಈ ಕೆಲಸ ಇಂದಿನ ಗುಜರಿ, ಕಾರ್ಖಾನೆಗಳಲ್ಲೂ ನಡೆಯುತ್ತದೆ. ಬೆಂಗಳೂರಿನ ವಾಯವ್ಯ ಬಾಗಿಲಾದ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುತ್ತವೆ. ಡಂಬಳ, ಗದಗ, ಹುಬ್ಬಳ್ಳಿಯ ಕಡೆಗೆ ಹೋಗುವ ಹೆದ್ದಾರಿ ಇಲ್ಲಿಂದಲೇ ಹೊರಡುತ್ತದೆ. 1962ರಲ್ಲಿ ಸ್ಥಾಪನೆಯಾದ, ಯಂತ್ರೋಪಕರಣಗಳ ಸಂಶೋಧನೆಗೆ ಮೀಸಲಾದ ಕೇಂದ್ರ ಸರ್ಕಾರದ ಸಿಎಂಟಿಐ ಇದೇ ರಸ್ತೆಯಲ್ಲಿದೆ. 1970ರ ದಶಕದಲ್ಲಿ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶವಾದ ಮೇಲೆ ಇಲ್ಲಿನ ಬದುಕು ಲೋಹದ ಸುತ್ತ ಹೆಣೆದುಕೊಂಡಿತು. ಲೇತ್ ಯಂತ್ರಗಳು ಸುಲಿದ ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಸಿಪ್ಪೆ ಗುಜರಿಗೆ ಬರುತ್ತದೆ. ಗುಜರಿಯವನ ಕೈಯಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವಿದ್ದರೆ ಸಾಕು. ಅಂಟಿದ್ದಕ್ಕೆ ಒಂದು ದರ, ಅಂಟದ್ದಕ್ಕೆ ಹೆಚ್ಚಿನ ದರ. ಹಿತ್ತಾಳೆ ಸಿಪ್ಪೆಯಲ್ಲಿ ಕಬ್ಬಿಣ ಬೆರೆತಿದ್ದರೆ ಬೆಲೆ ಇಳಿಯುತ್ತದೆ. ಇದು ಮರಿಗೆಯ ಲೆಕ್ಕವೇ, ನೀರು ಮಾತ್ರ ಇಲ್ಲ.

ಇದೇ ಪ್ರದೇಶದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಲೆಕ್ಕ ತಿರುಗುಮುರುಗು. ರಫ್ತಿಗೆ ಹೋಗುವ ಉಡುಪಿನಲ್ಲಿ, ಅದರಲ್ಲೂ ಮಕ್ಕಳ ಉಡುಪಿನಲ್ಲಿ, ಹೊಲಿಗೆ ಯಂತ್ರದ ಮುರಿದ ಸೂಜಿಯ ತುದಿ ಉಳಿಯಬಾರದು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ತಂದು, ದಾಖಲೆ ಪುಸ್ತಕದ ಹಾಳೆಗೆ ಅಂಟುಪಟ್ಟಿಯಿಂದ ಅಂಟಿಸಿ, ಸೂಜಿ ಪೂರ್ತಿಯಾಯಿತೆಂದು ತೋರಿಸಿದ ಮೇಲಷ್ಟೇ ಹೊಸ ಸೂಜಿ ಕೊಡುವ ಪದ್ಧತಿಯಿದೆ. ಕೊನೆಗೆ ಪ್ರತಿ ಉಡುಪೂ ಚಲಿಸುವ ಪಟ್ಟಿಯ ಮೇಲೆ ಸೂಜಿ ಶೋಧಕದ ಬಾಯಿಯೊಳಗಿಂದ ಹಾದು ಹೋಗುತ್ತದೆ. ಈ ಯಂತ್ರ ಹಿತ್ತಾಳೆ ಗುಂಡಿಗೂ ಸತುವಿನ ಜಿಪ್ಪಿಗೂ ಕೂಗುವುದಿಲ್ಲ, ಅಯಸ್ಕಾಂತಕ್ಕೆ ಒಲಿಯುವ ಕಬ್ಬಿಣಕ್ಕೆ ಮಾತ್ರ ಕೂಗುತ್ತದೆ. ಸುಮಾರು ಒಂದು ಮಿಲಿಮೀಟರ್ ಅಡ್ಡಳತೆಯ ಕಬ್ಬಿಣದ ಗುಂಡು ಹುದುಗಿಸಿದ ಪರೀಕ್ಷಾ ಫಲಕವನ್ನು ಆಗಾಗ ಹಾಯಿಸಿ ಯಂತ್ರದ ಕಿವಿ ಸರಿಯಿದೆಯೇ ಎಂದು ನೋಡುತ್ತಾರೆ. ಜಲಗಾರ ಚೆಲ್ಲುತ್ತಿದ್ದ ಕಣದ ಗಾತ್ರದ ಕಬ್ಬಿಣವೇ ಇಲ್ಲಿ ಹುಡುಕಾಟದ ಗುರಿ. ಅದು ಇಲ್ಲವೆಂದು ಖಾತ್ರಿಯಾದ ಉಡುಪು ಮಾತ್ರ ಪೆಟ್ಟಿಗೆ ಸೇರುತ್ತದೆ.